ಬದುಕಿದ್ದ ತಪ್ಪಿಗೆ

ನಮ್ಮ ಶಾಸ್ತ್ರೀಯ ಸಂಗೀತದಲ್ಲಿ ಕೃತಿ ರಚಿಸುವವರಿಗೆ ಬೇಕಾದ ಮೊದಲ ಅರ್ಹತೆ ಸತ್ತಿರುವುದು. ರಾಗಜ್ಞಾನ, ತಾಳಜ್ಞಾನ ಎಲ್ಲ ಆಮೇಲಿನ ಮಾತು. ಈ ವಿಷಯದಲ್ಲಿ ನಾನು ಬಹಳ ಹಿಂದುಳಿದವಳು. ತುಮಕೂರಿನಲ್ಲಿ ಪದವಿ ತರಗತಿಗಳಿಗೆ ಸಂಗೀತ ಪಾಠ ಹೇಳುತ್ತಾ, ಮಿಕ್ಕ ಹೊತ್ತಿನಲ್ಲಿ ಹೊಸ ಕೃತಿಗಳನ್ನು ಕಟ್ಟುತ್ತಾ, ಗುಂಡುಕಲ್ಲಿನ ಹಾಗೆ ಬದುಕಿದ್ದೆ. ಕಛೇರಿಯಲ್ಲಿ ನನ್ನದೊಂದು ರಚನೆ ಶುರುವಾದರೆ ಸಭಿಕರು ಕಾಫಿಗೆ ಏಳುತ್ತಿದ್ದರು. ಹಿರೇಹಳ್ಳಿಯ ಕಾರ್ಖಾನೆಯಲ್ಲಿ ಸೂಪರ್‌ವೈಸರ್ ಆಗಿದ್ದ ನಮ್ಮ ಮನೆಯವರದೂ ಅದೇ ರಾಗ. "ಹಳೇವೇ ಅಷ್ಟೊಂದು ಬಿದ್ದಾವಲ್ಲೇ, ಅವನ್ನೇ ಹಾಡ್ಕೊಂಡಿರಬಾರ್ದಾ?" ಅನ್ನುತ್ತಿದ್ದರು. "ನಿನ್ನೆ ಸಾರು ಮಿಕ್ಕಿದೆ, ಇವತ್ತೂ ಅದನ್ನೇ ಬಡಿಸ್ಲಾ?" ಅಂದರೆ ಕಾರ್ಖಾನೆಗೆ ಹೊತ್ತಾಯಿತೆಂದು ಚಪ್ಪಲಿ ಮೆಟ್ಟುತ್ತಿದ್ದರು.

ತೊಂಬತ್ತರ ದಶಕದಲ್ಲಿ ಒಮ್ಮೆ ಪಠ್ಯ ಪರಿಷ್ಕರಣೆ ಬಂತು. ಬದುಕಿರುವವರ ಕೃತಿ ಬೇಡ ಎಂಬುದು ಸಮಿತಿಯ ಅಲಿಖಿತ ಕಾನೂನು. ನಾನೂ ಬಿಡಲಿಲ್ಲ. ಹಿಂದೋಳ ರಾಗದ ನನ್ನ ಕೃತಿಯೊಂದನ್ನು ಹೆಸರು ಹಾಕದೆ, ನಮ್ಮ ಕಾಲೇಜಿನಿಂದ ಸಮಿತಿ ಕೇಳಿದ್ದ ಕೃತಿಗಳ ಪಟ್ಟಿಯ ನಡುವೆ ತೂರಿಸಿ ಕಳಿಸಿದೆ. ಕೃತಿಯ ಕೊನೆಯ ಸಾಲಿನಲ್ಲಿ ರಚಿಸಿದವರ ಗುರುತಾಗಿ ಒಂದು ಅಂಕಿತ ಇರುತ್ತದೆ. ನಾನು ಹುತ್ರಿದುರ್ಗದ ಬೆಟ್ಟದ ಬುಡದಲ್ಲಿ ಹುಟ್ಟಿದವಳು. ನನ್ನ ಅಂಕಿತ 'ದುರ್ಗದೊಡೆಯ'. ಸಮಿತಿಯವರು ಅದಕ್ಕೊಂದು 'ದಾಸರು' ಸೇರಿಸಿ, ಮುಂದೆ 'ದಿವಂಗತ' ಹಾಕಿ ಅಚ್ಚು ಮಾಡಿಸಿದರು. ಒಂದೇ ಏಟಿಗೆ ನಾನು ಗಂಡಸೂ ಆದೆ, ಸತ್ತೂ ಹೋದೆ. ಮನೆಯವರಿಗೆ ತೋರಿಸಿದರೆ "ತಿಥಿ ಯಾವತ್ತು?" ಅಂದರು. ನಿಜ ಹೇಳಿದರೆ ಕೃತಿ ಬಿದ್ದುಹೋಗುತ್ತದೆಂದು ಬಾಯಿ ಮುಚ್ಚಿಕೊಂಡಿದ್ದೆ.

ಆ ವರ್ಷದ ಪರೀಕ್ಷೆಗೆ ಹೊರಗಿನಿಂದ ಹಿರಿಯ ಪರೀಕ್ಷಕರೊಬ್ಬರು ಬಂದರು. ಗುಬ್ಬಿಯಿಂದ ದಿನಾ ಬಸ್ಸಿನಲ್ಲಿ ಬರುತ್ತಿದ್ದ ನನ್ನ ವಿದ್ಯಾರ್ಥಿನಿ ಪುಟ್ಟಗೌರಿ ಅದೇ ಹಿಂದೋಳ ಹಾಡಿದಳು. ಪರೀಕ್ಷಕರು ಕರವಸ್ತ್ರ ತೆಗೆದು ಕಣ್ಣೊರೆಸಿಕೊಂಡು, ಕೈತುಂಬ ಅಂಕ ಹಾಕಿದರು. "ಎಂಥ ರಚನೆ! ಈಗಿನವರಿಗೆ ಇದೆಲ್ಲಿ ಬರಬೇಕು! ಈ ದಾಸರು ತೀರಿಕೊಂಡು ಎಷ್ಟು ಕಾಲವಾಯಿತಮ್ಮ?" ಎಂದು ಕೇಳಿದರು.

ಪುಟ್ಟಗೌರಿ ನನ್ನ ಮುಖ ನೋಡಿದಳು. ನಾನು ತಂಬೂರಿಯ ಬಿರಡೆಗಳನ್ನು ಇದೇ ಮೊದಲ ಸಲ ಕಂಡವಳಂತೆ ನೋಡುತ್ತಾ ಕೂತೆ.

"ತೀರ್ಕೊಂಡಿಲ್ಲ ಸಾರ್, ನಿಮ್ಮ ಪಕ್ಕದಾಗೇ ಕೂತವ್ರೆ," ಅಂದಳು. "ಮೇಡಂ ಇದನ್ನ ಕಟ್ಟುವಾಗ ನಾನೇ ತಂಬೂರಿ ಮೀಟ್ತಿದ್ದೆ."

"ನೀವಾ?" ಎಂದು ಅವರು ನನ್ನ ಕಡೆ ತಿರುಗಿದರು. ಮೋಸಹೋದವರ ದನಿ ಅದು. ಕರವಸ್ತ್ರ ಮಡಿಸುತ್ತಾ, "ಚರಣದಲ್ಲಿ ಹಿಂದೋಳ ಕೊಂಚ ಸಡಿಲವಾಯಿತು ಅನ್ನಿ," ಅಂದರು.

ನನಗೆ ಉರಿದುಹೋಯಿತು. "ಸಾರ್, ನಿಮ್ಮ ಕರವಸ್ತ್ರ ಇನ್ನೂ ಒದ್ದೆಯಾಗಿದೆ. ಮೊದಲು ಅದು ಒಣಗಲಿ, ಆಮೇಲೆ ತಪ್ಪು ಹುಡುಕುವಿರಂತೆ. ಕೃತಿ ನನ್ನದೇ, ನಾನು ಬದುಕೇ ಇದ್ದೀನಿ. ಹುಡುಗಿಗೆ ಹಾಕಿದ ಅಂಕ ಮಾತ್ರ ನೀವು ತಿದ್ದಕೂಡದು."

ಅಂಕ ತಿದ್ದಲಿಲ್ಲ. ಮುಂದಿನ ವರ್ಷ ಕೃತಿಯನ್ನು ಪಠ್ಯದಿಂದ ತೆಗೆದರು. ಆ ಸುದ್ದಿ ತಿಳಿದ ದಿನ ಮನೆಗೆ ಬಂದು ಅತ್ತುಬಿಟ್ಟೆ, ನಿಜ. ಅತ್ತದ್ದು ಕೃತಿಗಾಗಿ ಅಲ್ಲ. ನಾನು ಹೇಳಬೇಕಾದ ಮಾತನ್ನು, ಅಂಕ ಕೈಬಿಟ್ಟು ಹೋದರೂ ಹೋಗಲಿ ಅಂತ ಆ ಹುಡುಗಿ ಹೇಳಬೇಕಾಯಿತಲ್ಲ ಎಂಬ ನಾಚಿಕೆಗೆ. ಅಲ್ಲಿಂದಾಚೆ ನಿವೃತ್ತಿಯಾಗುವವರೆಗೂ ಪ್ರತಿ ತರಗತಿಗೂ ಮೊದಲು ಆ ಹಿಂದೋಳ, ಆಮೇಲೆ ಪಠ್ಯ. ಯಾಕೆಂದು ಯಾರೂ ಕೇಳಲಿಲ್ಲ, ಕೇಳಿದ್ದರೂ ನಿಲ್ಲಿಸುತ್ತಿರಲಿಲ್ಲ. ಈಗ ಪುಟ್ಟಗೌರಿ ಕುಣಿಗಲ್ಲಿನಲ್ಲಿ ಸಂಗೀತದ ಟೀಚರು. ಕಛೇರಿಯಲ್ಲಿ ಅದನ್ನು ಹಾಡುವ ಮುಂಚೆ, "ಇದನ್ನ ಕಟ್ಟಿದವ್ರು ತುಮಕೂರಾಗವ್ರೆ, ಚೆನ್ನಾಗವ್ರೆ," ಎಂದು ಮೈಕಿನಲ್ಲಿ ಹೇಳುತ್ತಾಳೆ.

ಮೊನ್ನೆ ಗೂಳೂರಿನ ಮದುವೆಮನೆಯಲ್ಲಿ ಸಮಿತಿಯ ಹಳೆಯ ಸದಸ್ಯರೊಬ್ಬರು ಪಕ್ಕದ ಎಲೆಗೆ ಕೂತಿದ್ದರು. "ಮೇಡಂ, ನಿಮ್ಮ ಕೃತಿ ಪಠ್ಯಕ್ಕೆ ಬಂದೇ ಬರುತ್ತೆ, ಸ್ವಲ್ಪ ಕಾಯಬೇಕು ಅಷ್ಟೇ," ಎಂದು ಸಮಾಧಾನ ಹೇಳಿದರು. ಏನಾಗುವವರೆಗೆ ಕಾಯಬೇಕು ಎಂದು ಅವರೂ ಹೇಳಲಿಲ್ಲ, ನಾನೂ ಕೇಳಲಿಲ್ಲ. ಮಾರನೆಯ ದಿನದಿಂದ ಬೆಳಗಿನ ವಾಕಿಂಗನ್ನು ಎರಡು ಸುತ್ತು ಜಾಸ್ತಿ ಮಾಡಿದ್ದೇನೆ.