ಹರಿದಾಸರಾಯರು ಗರುಡನ ಕೀಲು ಎಣಿಸಿದ್ದು

ಬಾಳೆಹೂವು ಬಿಡಿಸುವಾಗ ಒಂದೊಂದು ಪುಟ್ಟ ಹೂವಿನೊಳಗಿಂದಲೂ ಗಟ್ಟಿ ಕಡ್ಡಿಯನ್ನು ಕಿತ್ತು ತೆಗೆಯಬೇಕು. ಇಲ್ಲದಿದ್ದರೆ ಪಲ್ಯ ಎಷ್ಟು ಬೇಯಿಸಿದರೂ ಅದೊಂದು ಬೇಯುವುದಿಲ್ಲ. ಮದರಾಸಿನವರು ಆ ಕಡ್ಡಿಯನ್ನು ಕಳ್ಳ ಎನ್ನುತ್ತಾರೆ. ಶನಿವಾರ ಬೆಳಿಗ್ಗೆ ಬೆಸೆಂಟ್ ನಗರದ ಎರಡನೇ ಮಹಡಿಯ ಮನೆಯಲ್ಲಿ ಹರಿದಾಸರಾಯರು ನೂರಾ ಹನ್ನೆರಡನೆಯ ಕಳ್ಳನನ್ನು ಹಿಡಿದು ಪೇಪರಿನ ಮೇಲೆ ಮಲಗಿಸಿದರು.

"ರೀ, ಪಲ್ಯ ಇವತ್ತಿಗೋ, ಮುಂದಿನ ದ್ವಾದಶಿಗೋ?" ಅಡುಗೆಮನೆಯಿಂದ ಹೆಂಡತಿ ಜಯಲಕ್ಷ್ಮೀ ಕೇಳಿದರು.

"ಅವಸರ ಮಾಡಿದ್ರೆ ಒಂದಾದ್ರೂ ಒಳಗೆ ಉಳ್ಕೊಳ್ಳತ್ತೆ," ಎಂದರು ರಾಯರು.

ಮೂವತ್ತಮೂರು ವರ್ಷ ಇನ್ಶೂರೆನ್ಸ್ ಸರ್ವೆಯರ್ ಆಗಿದ್ದವರು ಅವರು. ಸುಟ್ಟ ಲಾರಿ, ನೆನೆದ ಹತ್ತಿ, ಮುಳುಗಿದ ದೋಣಿ, ಎಲ್ಲಕ್ಕೂ ಬೆಲೆ ಕಟ್ಟಿದವರು. ಕೆಲಸಕ್ಕೆ ಸೇರಿದ ಹೊಸತರಲ್ಲಿ ತಿರುವೊಟ್ಟಿಯೂರಿನ ಗೋಡೌನೊಂದರಲ್ಲಿ ಇನ್ನೂರು ಮೂಟೆ ಅಕ್ಕಿ ಹಾಳಾಗಿದೆ ಎಂದು ಬಾಗಿಲಲ್ಲೇ ನಿಂತು ನೋಡಿ ಸಹಿ ಹಾಕಿದ್ದರು. ಮೂಟೆಯೊಳಗೆ ಇದ್ದದ್ದು ಹೊಟ್ಟು. ಅಂದಿನಿಂದ ಒಳಗೆ ನೋಡದೆ ಅವರು ಯಾವುದಕ್ಕೂ ಸಹಿ ಹಾಕಿದವರಲ್ಲ.

ಮಗಳು ಶ್ರೀವಿದ್ಯಾಳನ್ನು ನೋಡಿ ಒಪ್ಪಿದ ಹುಡುಗ ಪ್ರಮೋದನ ಊರೂ ತಿರುವೊಟ್ಟಿಯೂರೇ ಆದದ್ದು ಅವನ ದುರದೃಷ್ಟ. ಹುಡುಗಿಗೂ ಒಪ್ಪಿಗೆಯಾಗಿ ನಾಲ್ಕು ತಿಂಗಳಾಗಿತ್ತು. ಪ್ರಮೋದನ ತಾತ ಸತ್ಯಾತ್ಮಾಚಾರ್ಯರು ಹಳೆಯ ಕಾಲದವರು. ಫೋನು, ವಾಟ್ಸಾಪು ನಡೆಯದು. ಹುಡುಗಿಯ ತಂದೆ ಕೈಯಾರೆ ಬರೆದು, ನಾಲ್ಕು ಮೂಲೆಗೂ ಅರಿಶಿನ ಹಚ್ಚಿ, ಅಂಚೆಯಲ್ಲಿ ಕಳಿಸಿದ ಒಪ್ಪಿಗೆ ಪತ್ರ ಬಂದರೆ ಮಾತ್ರ ಮುಹೂರ್ತ ನೋಡುವುದು. ರಾಯರು ಪತ್ರ ಬರೆದಿದ್ದರು. ಅರಿಶಿನವನ್ನೂ ಹಚ್ಚಿದ್ದರು. ಕಳಿಸಿರಲಿಲ್ಲ. ಮೇಜಿನ ಡ್ರಾಯರಿನಲ್ಲಿ ಅರಿಶಿನ ಮಾಸಿ, ಜಯಲಕ್ಷ್ಮೀ ಅದಕ್ಕೆ ಮೂರು ಸಲ ಹೊಸದಾಗಿ ಹಚ್ಚಿದ್ದರು.

ಅಷ್ಟರಲ್ಲಿ ರಾಯರು ಜಾತಕವನ್ನು ಮೂವರಿಗೆ ತೋರಿಸಿದ್ದರು. ಹುಡುಗ ಎಣ್ಣೂರು ಬಂದರಿನಲ್ಲಿ ಎಂಜಿನಿಯರು ಎಂದಾಗ, ಒಂದು ದಿನ ಬಸ್ಸು ಹತ್ತಿ ಹೋಗಿ ಗೇಟಿನ ಎದುರು ಟೀ ಅಂಗಡಿಯಲ್ಲಿ ಕೂತು ನೋಡಿದ್ದರು. ಹುಡುಗ ಬೆಳಿಗ್ಗೆ ಒಳಗೆ ಹೋದ. ಸಂಜೆ ಹೊರಗೆ ಬಂದ. ಒಂದು ತಪ್ಪೂ ಸಿಗಲಿಲ್ಲ. ಅದರಿಂದ ಅನುಮಾನ ಹೆಚ್ಚಾಯಿತು.

ಈಗ ಅದೇ ಹುಡುಗ ಹಿಂದಿನ ಸಂಜೆ ಒಂದು ಪೆಟ್ಟಿಗೆ ತಂದಿಟ್ಟು ಹೋಗಿದ್ದ. ಮುಂದೆ ಪಾರದರ್ಶಕ ಪ್ಲಾಸ್ಟಿಕ್ಕಿನ ಕಿಟಕಿ, ಅದರ ಹಿಂದೆ ಮೊಳದುದ್ದದ ಗೊಂಬೆ. ನೀಲಿ ಕವಚ, ಎರಡು ರೆಕ್ಕೆ, ಕೈಯಲ್ಲಿ ಗದೆ. ಸ್ಟಾರ್ಮ್ ಗರುಡ ಅಂತ ಹೆಸರು. ಯಾವುದೋ ವೀಡಿಯೋ ಗೇಮಿನ ವೀರನಂತೆ.

"ಲಿಮಿಟೆಡ್ ಎಡಿಷನ್ ಅಂಕಲ್," ಎಂದಿದ್ದ ಪ್ರಮೋದ. "ಇನ್ಶೂರ್ ಮಾಡಿಸ್ಬೇಕು, ನೀವೊಂದು ವ್ಯಾಲ್ಯುಯೇಶನ್ ರಿಪೋರ್ಟ್ ಬರೆದ್ಕೊಡಿ. ಸೀಲ್ ಮಾತ್ರ ತೆಗೀಬೇಡಿ. ತೆಗೆದ್ರೆ ಬೆಲೇನೇ ಹೋಯ್ತು. ನಾಳೆ ನಾಲ್ಕು ಗಂಟೆಗೆ ಬರ್ತೀನಿ."

ಆಡುವುದಕ್ಕಲ್ಲದ ಆಟದ ಸಾಮಾನನ್ನು ರಾಯರು ಅದುವರೆಗೆ ಕಂಡಿರಲಿಲ್ಲ. ಬಾಳೆಹೂವನ್ನು ಬಿಟ್ಟು ಎದ್ದು ಹೋಗಿ ಪೆಟ್ಟಿಗೆಯನ್ನು ತಿರುಗಿಸಿ ನೋಡಿದರು. 'ಇಪ್ಪತ್ತನಾಲ್ಕು ಕೀಲುಗಳು' ಎಂದು ಹಿಂಬದಿಯಲ್ಲಿ ಅಚ್ಚಾಗಿತ್ತು.

"ಎಣಿಸಿದವರು ಯಾರು?" ಎಂದರು ರಾಯರು.

"ನಿಮಗ್ಯಾಕ್ರೀ? ಅವರು ಹೇಳಿದ್ದನ್ನ ಬರೆದ್ಕೊಡಿ."

"ಕಾಣೋದು ಮುಂಭಾಗ ಮಾತ್ರ. ಬೆನ್ನು ಇದೆ ಅನ್ನೋದಕ್ಕೆ ಸಾಕ್ಷಿ ಏನು?"

ಪೆಟ್ಟಿಗೆ ಕೆಳಗಿಟ್ಟಾಗ ಅದರ ಬಿಳಿ ಅಂಚಿನಲ್ಲಿ ಬಾಳೆಯ ಸೊನೆಯ ಐದು ಬೆರಳು ಕಪ್ಪಗೆ ಮೂಡಿದ್ದವು. ಒರೆಸಿದರು. ಹತ್ತು ಬೆರಳಾಯಿತು.

ಎದುರು ಮನೆಯ ರಾಘವೇಂದ್ರ ಕರೆಯದೆಯೇ ಬಂದರು. ರೈಲ್ವೆ ಪಾರ್ಸೆಲ್ ವಿಭಾಗದಿಂದ ನಿವೃತ್ತರಾದವರು. ಎಲ್ಲಾದರೂ ಪೆಟ್ಟಿಗೆ ಇದೆ ಎಂದರೆ ಅವರಿಗೆ ಹೇಗೋ ವಾಸನೆ ಬರುತ್ತಿತ್ತು.

"ಇಷ್ಟೇನಾ? ಮಳೇಲಿ ನೆಂದ ಪಾರ್ಸೆಲ್ ಎಷ್ಟು ಬಿಚ್ಚಿ ಎಷ್ಟು ಅಂಟಿಸಿದೀನಿ ಸಾರ್! ಇಡ್ಲಿ ಪಾತ್ರೆ ಒಲೆ ಮೇಲಿಡಿ. ಆವಿ ತೋರಿಸಿದ್ರೆ ಸೀಲು ತಾನೇ ಬಿಟ್ಕೊಳ್ಳತ್ತೆ. ನೋಡಿ, ಎಣಿಸಿ, ಮತ್ತೆ ಅಂಟಿಸಿ. ಯಾರಿಗೆ ತಿಳಿಯತ್ತೆ?"

ಇಡ್ಲಿ ಪಾತ್ರೆ ಕುದಿಯಿತು. ಸೀಲು ಬಿಟ್ಟುಕೊಂಡಿತು. ಜೊತೆಗೆ ಪೆಟ್ಟಿಗೆಯ ಮುಚ್ಚಳವೂ ನೆನೆದ ಹಪ್ಪಳದಂತೆ ಜೋಲಿತು. ಸೋಫಾದ ಮೇಲೆ ಫೋನು ನೋಡುತ್ತಿದ್ದ ಶ್ರೀವಿದ್ಯಾ ತಲೆಯೆತ್ತದೆ ಕೇಳಿದಳು, "ಟೈಮ್ ಎಷ್ಟು ಪಾ?"

"ಒಂಬತ್ತು ನಲವತ್ತು. ಯಾಕೆ?"

"ಸುಮ್ನೆ," ಎಂದು ಅವಳು ಏನೋ ಬರೆದುಕೊಂಡಳು.

ಗರುಡನನ್ನು ಟ್ರೇಯಿಂದ ಎಬ್ಬಿಸಿ ಮೇಜಿನ ಮೇಲೆ ನಿಲ್ಲಿಸಿದರು. ಬೆನ್ನು ಇತ್ತು. ಕೀಲುಗಳನ್ನು ರಾಘವೇಂದ್ರ ಎಣಿಸಿದಾಗ ಇಪ್ಪತ್ತಮೂರು, ರಾಯರು ಎಣಿಸಿದಾಗ ಇಪ್ಪತ್ತೈದು. ಮೂರನೆಯ ಎಣಿಕೆಯಲ್ಲಿ ಸರಿಯಾಗಿ ಇಪ್ಪತ್ತನಾಲ್ಕು ಬಂತು. ಆದರೆ ಆ ಹೊತ್ತಿಗೆ ಬಲಗೈ ಗರುಡನ ಬಳಿ ಇರಲಿಲ್ಲ, ರಾಘವೇಂದ್ರರ ಬಳಿ ಇತ್ತು. ಗದೆ ಜಾರಿ, ಬಾಳೆಹೂವು ನೆನೆಸಿಟ್ಟ ಮಜ್ಜಿಗೆಯಲ್ಲಿ ಮುಳುಗಿತು.

ರೆಕ್ಕೆಗೂ ಸೊನೆ ಹತ್ತಿತ್ತು. ಸೊನೆಗೆ ಕೊಬ್ಬರಿ ಎಣ್ಣೆ ಮದ್ದೆಂದು ಎಣ್ಣೆ ಸವರಿದರು. ಗರುಡ ಅಭ್ಯಂಜನಕ್ಕೆ ಕೂತವನಂತೆ ಮಿರಮಿರ ಮಿಂಚಿದ. ಗಂಡ ಎಲ್ಲಿ ಹೋದರೆಂದು ಹುಡುಕಿಕೊಂಡು ಬಂದ ರಾಘವೇಂದ್ರರ ಹೆಂಡತಿ ವೆಂಕಟಲಕ್ಷ್ಮಿ ಗೊಂಬೆಯನ್ನು ಮೇಲಿಂದ ಕೆಳಗೆ ನೋಡಿದರು.

"ಗರುಡ ಅಂತೀರಿ, ಕೊಕ್ಕೇ ಇಲ್ವಲ್ಲ ಇವನಿಗೆ? ಇರಲಿ, ಎಣ್ಣೆ ಹಚ್ಚಿದ್ಮೇಲೆ ಸೀಗೆಕಾಯಿ ಹಾಕದೆ ಬಿಡೋದುಂಟಾ?"

ಸೀಗೆಕಾಯಿ ಹಾಕಿದರು. ತೊಳೆದ ನೀರು ನೀಲಿಯಾಯಿತು. ಗರುಡ ಬಿಳಿಚಿಕೊಂಡ.

ಮಧ್ಯಾಹ್ನ ಅವನು ಬಾಲ್ಕನಿಯ ತಂತಿಯ ಮೇಲೆ, ರೆಕ್ಕೆಗೊಂದರಂತೆ ಎರಡು ಕ್ಲಿಪ್ಪು ಹಾಕಿಸಿಕೊಂಡು ಒಣಗಿದ. ಕಾಗೆಯೊಂದು ಪಕ್ಕದಲ್ಲಿ ಕೂತು ಬಹಳ ಹೊತ್ತು ನೋಡಿ, ಏನೂ ಹೇಳದೆ ಹೋಯಿತು. ರಾಯರು ರಿಪೋರ್ಟಿನ ಹಾಳೆ ಮುಂದಿಟ್ಟುಕೊಂಡು ಕೂತರು. 'ವಸ್ತುವಿನ ಈಗಿನ ಸ್ಥಿತಿ' ಎಂದು ಬರೆದರು. ಮುಂದಕ್ಕೆ ಪೆನ್ನು ಓಡಲಿಲ್ಲ.

ಮೂರು ಗಂಟೆಗೆ ಪ್ರಮೋದನ ಫೋನು ಬಂತು. "ಹೊರಟೆ ಅಂಕಲ್. ರಿಪೋರ್ಟ್ ರೆಡಿ ಅಲ್ವಾ?"

"ರೆಡಿ ಆಗ್ತಾ ಇದೆ," ಎಂದರು ರಾಯರು, ತಂತಿಯ ಕಡೆ ನೋಡುತ್ತ.

ಜಯಲಕ್ಷ್ಮೀ ಸೊಂಟಕ್ಕೆ ಕೈಯಿಟ್ಟು ನಿಂತರು. "ನಾಲ್ಕು ತಿಂಗಳು ಹುಡುಕಿ ಆ ಹುಡುಗನಲ್ಲಿ ಒಂದು ತಪ್ಪು ಹಿಡಿಯೋಕ್ಕಾಗಲಿಲ್ಲ ನಿಮಗೆ. ಅವನು ಬಂದು ನಾಲ್ಕು ನಿಮಿಷದಲ್ಲಿ ನಿಮ್ಮಲ್ಲಿ ಹಿಡೀತಾನೆ. ಹೆಣ್ಣು ಕೊಡೋ ಮಾಮನಾರ್ ಹೀಗಾ ಅಂತ ಎದ್ದು ಹೋದ್ರೆ, ಮಗಳಿಗೆ ಮುಖ ತೋರಿಸೋದು ಹೇಗ್ರೀ?"

"ಈಗೇನು ಮಾಡೋದು?"

"ಕಾಗದ ಡಬ್ಬಕ್ಕೆ ಹಾಕಿ, ಅವನು ಬರೋದಕ್ಕೆ ಮೊದ್ಲೇ. ಅರಿಶಿನದ ಕಾಗದ ಹೋಯ್ತು ಅಂದ್ರೆ ನೆಂಟರಾದ ಹಾಗೆ. ನೆಂಟಸ್ತನ ಆದ್ಮೇಲೆ ಗೊಂಬೆಗಾಗಿ ಯಾರೂ ಜಗಳ ಆಡಲ್ಲ."

ದಿನಾ ಮೂರೂವರೆಗೆ ಅಂಚೆಯವನು ಬೀದಿಯ ಮೂಲೆಯ ಡಬ್ಬ ತೆರೆಯುತ್ತಿದ್ದ. ಮೂರೂ ಇಪ್ಪತ್ತಕ್ಕೆ ಮೆರವಣಿಗೆ ಹೊರಟಿತು. ಮುಂದೆ ಲಕೋಟೆ ಹಿಡಿದ ರಾಯರು, ಹಿಂದೆ ಜಯಲಕ್ಷ್ಮೀ, ಶ್ರೀವಿದ್ಯಾ, ವೆಂಕಟಲಕ್ಷ್ಮಿ. ಕೊನೆಯಲ್ಲಿ, ದಾರಿಯಲ್ಲಾದರೂ ಗರುಡನ ಕೈ ಕೂಡಿಸಿಬಿಡುತ್ತೇನೆ ಎಂದು ಗೊಂಬೆ, ಪೆಟ್ಟಿಗೆ ಸಮೇತ ರಾಘವೇಂದ್ರ.

ಲಕೋಟೆ ಡಬ್ಬದ ಬಾಯೊಳಗೆ ಅರ್ಧ ಹೋಗಿತ್ತು. ಇನ್ನೊಮ್ಮೆ ಓದಿ ಹಾಕೋಣವೇ ಎಂದು ರಾಯರು ಕೈ ತಡೆದರು. ಅಷ್ಟರಲ್ಲಿ, ಹೇಳಿದ ಹೊತ್ತಿಗೆ ಅರ್ಧ ಗಂಟೆ ಮೊದಲೇ, ಪಕ್ಕದಲ್ಲೇ ಬೈಕು ನಿಂತಿತು. ಪ್ರಮೋದ ಹೆಲ್ಮೆಟ್ ತೆಗೆದ.

ರಾಯರಿಗೆ ಸುಳ್ಳು ಹೇಳಿ ಅಭ್ಯಾಸವಿರಲಿಲ್ಲ. "ಸೀಲು ತೆಗೆದೆ ಕಣಪ್ಪ. ಕೈ ಮುರೀತು. ಬಣ್ಣ ಹೋಯ್ತು. ಗದೆ ಮಜ್ಜಿಗೇಲಿ ಬಿತ್ತು. ಕೀಲು ಮಾತ್ರ ಇಪ್ಪತ್ತನಾಲ್ಕೇ ಇದೆ."

ಪ್ರಮೋದ ತಲೆ ತಗ್ಗಿಸಿದ. "ಟ್ರೇ ಕೆಳಗೆ ನೋಡಿದ್ರಾ ಅಂಕಲ್?"

ರಾಯರು ನೋಡಿರಲಿಲ್ಲ. ಮೂವತ್ತಮೂರು ವರ್ಷದ ಸರ್ವೆಯರು ತಳ ನೋಡಿರಲಿಲ್ಲ. ರಾಘವೇಂದ್ರ ಟ್ರೇ ಎತ್ತಿದರು. ಕೆಳಗೆ ಮಡಿಸಿದ ಒಂದು ಹಾಳೆಯಿತ್ತು. ಅಚ್ಚುಕಟ್ಟಾದ ಸರ್ವೆ ರಿಪೋರ್ಟು, ರಾಯರದ್ದೇ ನಮೂನೆ. ಲಕೋಟೆಯನ್ನು ಬಿಡದೆ ರಾಯರು ಅದನ್ನು ಒಂದೇ ಕೈಯಲ್ಲಿ ಹಿಡಿದು ಓದಿದರು.

'ಪರಿಶೀಲಿಸಿದ್ದು: ಶ್ರೀ ಹರಿದಾಸರಾಯರು. ಸೀಲು ಒಡೆಯುವ ಸಮಯ, ಅಂದಾಜು: ಶನಿವಾರ ಬೆಳಿಗ್ಗೆ ಹತ್ತರೊಳಗೆ. ಗೊಂಬೆ ನಕಲಿ, ಮದರಾಸಿನದೇ ಪ್ಯಾರಿಸ್ ಕಾರ್ನರಿನ ಬೀದಿಬದಿಯಲ್ಲಿ ಕೊಂಡದ್ದು. ಅಸಲಿ ತಿರುವೊಟ್ಟಿಯೂರಿನ ಮನೆಯಲ್ಲಿ ಕ್ಷೇಮ. ಷರಾ: ಒಳಗೆ ನೋಡದೆ ಬಿಡುವವರಲ್ಲ, ನೋಡಿದ ಮೇಲಾದರೂ ಸಹಿ ಹಾಕುವರೆಂದು ನಂಬಿಕೆ.'

ರಾಯರ ಮುಖ ನಿಧಾನವಾಗಿ ಅರಳಿತು. ನಾಲ್ಕು ತಿಂಗಳಿಂದ ಹುಡುಕುತ್ತಿದ್ದದ್ದು ಕೊನೆಗೂ ಸಿಕ್ಕಿತ್ತು.

"ತಪ್ಪು!" ಎಂದು ಲಕೋಟೆಯನ್ನು ಹೊರಕ್ಕೆಳೆದರು. "ನೋಡಿದ್ಯೇನೇ ಜಯಾ? ಹೊರಗೆ ಒಂದು, ಒಳಗೆ ಒಂದು! ತಿರುವೊಟ್ಟಿಯೂರು ಅಂದಾಗಲೇ ಅಂದ್ಕೊಂಡೆ. ಹಿರಿಯರಿಗೆ ಬಲೆ ಬೀಸೋ ಬುದ್ಧಿ ಇವನದ್ದು!"

"ಅಯ್ಯೋ ಅಪ್ಪಾ, ಅವನದ್ದಲ್ಲ," ಎಂದಳು ಶ್ರೀವಿದ್ಯಾ. "ಐಡಿಯಾ ನಂದು. ರಿಪೋರ್ಟ್ ಬರೆದದ್ದೂ ನಾನೇ. ಅವನು ವೇಂಡಾಂ ವೇಂಡಾಂ, ಬೇಡವೇ ಬೇಡ ಅಂತಾನೇ ಇದ್ದ. ಪಾವಂ, ಎರಡು ದಿನ ನಿದ್ದೆ ಮಾಡಿಲ್ಲ."

ರಾಯರು ಹಾಳೆಯನ್ನು ಮತ್ತೆ ನೋಡಿದರು. ಅಕ್ಷರ ಮಗಳದ್ದೇ. ಅವಳಿಗೆ ಅಕ್ಷರ ತಿದ್ದಿಸಿದ್ದು ತಾವೇ. ಹೆಂಡತಿಯ ಕಡೆ ತಿರುಗಿದರು.

"ಬಾಳೆಹೂವು ನಿನ್ನೆ ತಂದಿಟ್ಟದ್ದು ನಾನೇ," ಎಂದರು ಜಯಲಕ್ಷ್ಮೀ ಬೇರೆಲ್ಲೋ ನೋಡುತ್ತ. "ಸೊನೆಯಾದ್ರೆ ಒರೆಸೋಕೆ ಹೋಗ್ತೀರಿ, ಒರೆಸೋಕೆ ಹೋದ್ರೆ ಬಿಚ್ಚುತೀರಿ ಅಂತ."

ಬೆಳಿಗ್ಗೆಯಿಂದ ಅಷ್ಟು ಕಳ್ಳರನ್ನು ಹಿಡಿದಿದ್ದ ರಾಯರು ಮನೆಯೊಳಗಿನ ಇಬ್ಬರನ್ನು ಬಿಟ್ಟುಬಿಟ್ಟಿದ್ದರು. ಸರ್ವೆಯರರ ಲೆಕ್ಕದಲ್ಲಿ ಮಗಳ ಈ ಬುದ್ಧಿ ತಯಾರಿಕೆಯ ದೋಷ. ಹೊಣೆ ತಯಾರಿಸಿದವನದ್ದೇ, ಕೊಂಡವನದ್ದಲ್ಲ. ಅಂಚೆಯವನ ಸೈಕಲ್ಲು ಬೀದಿಯ ತಿರುವಿನಲ್ಲಿ ಕಾಣಿಸಿತು. ರಾಯರು ಹುಡುಗನ ಕಡೆ ತಿರುಗಿದರು. ಮೊದಲ ಬಾರಿಗೆ ಅವರಿಗೆ ಅವನ ಬಗ್ಗೆ ಕನಿಕರ ಬಂತು.

"ಏನಪ್ಪಾ, ನಮ್ಮ ಹುಡುಗೀನ ಸರಿಯಾಗಿ ನೋಡಿದೀಯಾ?"

"ನೋಡಿದೀನಿ ಅಂಕಲ್."

"ಒಳಗೂ ಹೊರಗೂ?"

"ಹೂಂ."

"ಆಮೇಲೆ ನನ್ನ ಹತ್ರ ಕ್ಲೇಮ್ ತರಬಾರದು," ಎಂದು ಹೇಳಿ, ಸೊನೆಯ ಕಪ್ಪೂ ಅರಿಶಿನವೂ ಅಂಟಿದ್ದ ಬೆರಳುಗಳನ್ನು ಸಡಿಲಿಸಿ, ರಾಯರು ಪತ್ರವನ್ನು ಡಬ್ಬದೊಳಗೆ ಬಿಟ್ಟರು.