ಸಿಲಿಂಡರಿನ ಗುಟ್ಟಿನ ಮಾತು

ಕ್ಯಾತನಹಳ್ಳಿಯ ಮರಿಸ್ವಾಮಿ ಹೋದ ತಿಂಗಳು ಗ್ಯಾಸ್ ಪುಸ್ತಕವನ್ನು ಬಸ್ಸಿನ ಸೀಟಿನ ಮೇಲೆ ಮರೆತು ಇಳಿದ. ಅದು ಸಿಕ್ಕಿದ ಪುಣ್ಯಾತ್ಮ ನೇರವಾಗಿ ಪಾಂಡವಪುರದ ಏಜೆನ್ಸಿಗೆ ಹೋಗಿ, ತನ್ನ ಖಾಲಿ ಸಿಲಿಂಡರು ಇಳಿಸಿ, ತುಂಬಿದ್ದನ್ನು ಹೊತ್ತುಕೊಂಡು, ಪುಸ್ತಕವನ್ನು ಮಾತ್ರ ಮರ್ಯಾದೆಯಿಂದ ಕೌಂಟರಿನಲ್ಲೇ ಬಿಟ್ಟು ಹೋದ. ಅಂದಿನಿಂದ ಅಲ್ಲಿ ಹೊಸ ಕಾನೂನು. ಪುಸ್ತಕವೊಂದೇ ಸಾಲದು, ಮನೆಯವರೇ ಎನ್ನುವುದಕ್ಕೆ ಇನ್ನೊಂದು ಗುರುತೂ ಬೇಕು.

ಇವತ್ತಂತೂ ಸಿಲಿಂಡರು ಬೇಕೇ ಬೇಕಿತ್ತು. ತಂಗಿ ಮೇಘನಳನ್ನು ನೋಡಲು ಸಂಜೆ ನಾಲ್ಕಕ್ಕೆ ಕೆ.ಆರ್. ಪೇಟೆಯಿಂದ ಗಂಡಿನವರು ಬರುವವರಿದ್ದರು. ಮನೆಯ ಸೌದೆಯೆಲ್ಲ ಮಳೆಗೆ ನೆನೆದು, ಒಲೆ ಹಚ್ಚಿದರೆ ಬರೀ ಹೊಗೆ.

"ಹೆಣ್ಣು ಕಣ್ಣೀರೊರೆಸ್ಕೊಂಡು ಕಾಫಿ ತಂದ್ರೆ, ಒಪ್ಗೆ ಇಲ್ಲ ಅಂದ್ಕೊಂಡ್ ಎದ್ದೋಗ್ತಾರೆ ಕಣ್ಲಾ," ಎಂದು ತಾಯಿ ಬೈರಮ್ಮ ಬೆಳಿಗ್ಗೆಯೇ ಎಚ್ಚರಿಸಿದ್ದಳು.

ಮರಿಸ್ವಾಮಿಯೂ ಅವನ ಹೆಂಡತಿಯೂ ಖಾಲಿ ಸಿಲಿಂಡರಿನೊಂದಿಗೆ ಒಂಬತ್ತಕ್ಕೇ ಕ್ಯೂ ಸೇರಿದರು.

"ರುಜು, ಎಬ್ಬೆಟ್ಟು, ಇಲ್ಲಾ ಗುಟ್ಟಿನ ಮಾತು. ಯಾವ್ದು ಬೇಕೋ ಆರಿಸ್ಕೊಳಿ," ಎಂದ ಕೌಂಟರಿನ ಗುಮಾಸ್ತ ತಿಮ್ಮರಾಜು.

ಆರಿಸಬೇಕಾದವನು ಮರಿಸ್ವಾಮಿಯಾದರೂ ಯೋಚನೆ ಮಾಡಿದ್ದು ಇಡೀ ಕ್ಯೂ.

"ರುಜು ಬ್ಯಾಡ ಕಣ್ಲಾ. ನಿನ್ ರುಜು ಒಂದಿದ್ದಂಗೆ ಇನ್ನೊಂದಿರಲ್ಲ," ಎಂದ ಹಿಂದಿದ್ದ ಬೋರಯ್ಯ.

"ಎಬ್ಬೆಟ್ಟೂ ಬ್ಯಾಡ. ಪುಸ್ತಕ ಇರೋದು ನಿಮ್ಮವ್ವನ ಎಸ್ರಲ್ಲಿ. ತಿಂಗ್‌ತಿಂಗ್ಳೂ ಮುದುಕೀನ ಬಸ್ಸತ್ತಿಸ್ತೀಯಾ?" ಎಂದಳು ಪಕ್ಕದ ಮನೆಯ ಮಂಚಮ್ಮ.

ಉಳಿದದ್ದು ಗುಟ್ಟಿನ ಮಾತು. ಮರಿಸ್ವಾಮಿಗೆ ಮರೆವು ಜಾಸ್ತಿ. ಆದರೆ ಏನು ಮರೆತರೂ ಸ್ವಂತ ಹೆಸರು ಮರೆಯುವುದುಂಟೇ? ತಿಮ್ಮರಾಜುವಿನ ಕಿವಿಯಲ್ಲಿ ತನ್ನ ಹೆಸರನ್ನೇ ಉಸುರಿ ರಿಜಿಸ್ಟರಿನಲ್ಲಿ ಬರೆಸಿದ. ಆಮೇಲೆ ಹೆಂಡತಿ ಚಲುವಮ್ಮನ ಕಿವಿಗೆ ಬಾಗಿ, "ನಾನು ಬಾಳೆಹಣ್ಣು, ಎಲೆ ಅಡಿಕೆ ತರ್ತೀನಿ. ಸಿಲಿಂಡರ್ ಲೋಡ್ ಬಂದ್ರೆ ನನ್ನೆಸ್ರು ಹೇಳು, ಅಷ್ಟೆ," ಎಂದ.

ಚಲುವಮ್ಮ ಏನೋ ಹೇಳಲು ಬಾಯಿ ತೆರೆಯುವಷ್ಟರಲ್ಲಿ ಅವನು ರಸ್ತೆ ದಾಟಿದ್ದ. ಮದುವೆಯಾಗಿ ಹದಿನಾಲ್ಕು ವರ್ಷವಾದರೂ ಅವಳು ಗಂಡನ ಹೆಸರನ್ನು ಒಮ್ಮೆಯೂ ಬಾಯಲ್ಲಿ ಆಡಿದವಳಲ್ಲ. ಅದು ಆ ಮಹಾಶಯನಿಗೆ ಹೊಳೆಯಲೇ ಇಲ್ಲ.

ಎಲೆಗೆ ಚೌಕಾಸಿ ಮಾಡಿ ಅವನು ಹಿಂದಿರುಗಿದಾಗ ಎರಡು ಗಂಟೆ. ಗೇಟಿನಲ್ಲೇ ಮಂಚಮ್ಮ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದಳು.

"ನಿನ್ನೆಂಡ್ರು ಗುಟ್ಟಿನ ಮಾತ್ನೆಲ್ಲಾ ಒಗಟು ಮಾಡ್ಬುಟ್ಲು ಕಣಪ್ಪಾ! 'ಕುರಿ ಈದ್ರೆ ಏನಾಕ್ತದೆ?' ಅಂದ್ಲು. ಕ್ಯೂ ಪೂರ್ತಿ 'ಮರಿ' ಅಂತು. 'ಮಠದಲ್ಲಿ ಯಾರಿರ್ತಾರೆ?' ಅಂದ್ಲು. 'ಸ್ವಾಮಿ' ಅಂದ್ವಿ. ತಿಮ್ಮರಾಜಪ್ಪ, 'ಊರೋರು ಹೇಳಿದ್ರಾಗಲ್ಲ, ನೀವೇ ಹೇಳ್ಬೇಕು' ಅಂತವ್ನೆ. ಇವ್ಳು ಜಪ್ಪಯ್ಯ ಅಂದ್ರೂ ಬಾಯ್ ಬುಡ್ನಿಲ್ಲ!"

"ಅಯ್ಯೋ! ಸಿಲಿಂಡರ್ ಕೊಡ್ನಿಲ್ವಾ?"

"ಕೊಟ್ರು ಬುಡು. ಅಗೋ, ಅಲ್ಲೈತೆ. ಎತ್ತಕ್ಕಾಗ್ದೆ ನಿಂಗೆ ಬುಟ್ಟು, ಬೋಂಡದ ಇಟ್ಟು ಕಲಸ್ಬೇಕು ಅಂತ ಬಸ್ಸತ್ತವ್ಳೆ."

ಮರಿಸ್ವಾಮಿಗೆ ಹೋದ ಜೀವ ಬಂದಂತಾಯಿತು. ಅಷ್ಟು ಜನರ ಮುಂದೆಯೂ ತನ್ನ ಹೆಸರನ್ನು ಕಾಪಾಡಿದ ಹೆಂಡತಿಯನ್ನು ನೆನೆದು ಮನಸ್ಸು ತುಂಬಿತು. ಸಂತೋಷದಿಂದ ಸಿಲಿಂಡರನ್ನು ಹೆಗಲಿಗೇರಿಸಿದ.

"ಇಳಿಸ್ರೀ!" ಎಂದು ತಿಮ್ಮರಾಜು ಕೂಗಿದ. "ಗುರುತು ಹೇಳಿ."

"ಮರಿಸ್ವಾಮಿ!" ಎಂದ, ಎದೆಯುಬ್ಬಿಸಿ.

"ತಪ್ಪು."

"ಬೆಳಿಗ್ಗೆ ನಾನೇ ಬರೆಸಿದ್ದಲ್ವೇನ್ರೀ!"

"ಅದು ಈಗ ಕ್ಯೂಗೆಲ್ಲಾ ಗೊತ್ತು. ಹೊಡೆದಾಕಿವ್ನಿ. ಕಳ್ಳಿಯಾಗಿದ್ರೆ ಎಸ್ರು ಪಟ್ಟಂತ ಹೇಳ್ಬುಡೋಳು. ಲೋಡು ಖಾಲಿಯಾಗ್ತಿದ್ರೂ ಗಂಡನ ಎಸ್ರು ಎತ್ತದೋಳು ಸ್ವಂತ ಹೆಂಡ್ತಿ ಅಲ್ದೆ ಇನ್ಯಾರು? ಇನ್ಮೇಕೆ ಅದೇ ಗುರುತು, ನೋಡಿ."

ರಿಜಿಸ್ಟರಿನಲ್ಲಿ ಹೊಸದಾಗಿ ಬರೆದಿತ್ತು: 'ಕೇಳಿದರೆ ಹೇಳುವುದಿಲ್ಲ.'

"ನನ್ ಮುಖ ಗೊತ್ತಿಲ್ವೇನ್ರೀ?"

"ಗೊತ್ತು. ಹೋದ್ ತಿಂಗ್ಳು ತಕ್ಕೊಂಡೋದವನ ಮುಖಾನೂ ಗೊತ್ತಿತ್ತು."

"ಸರಿ, ನಾನೂ ಹೇಳಲ್ಲ ಬುಡಿ," ಎಂದು ಮರಿಸ್ವಾಮಿ ಬಾಯಿಗೆ ಕೈ ಅಡ್ಡ ಹಿಡಿದ.

"ಆಗ್ಲೇ ಹೇಳ್ಬುಟ್ರಲ್ಲ!" ತಿಮ್ಮರಾಜು ರಿಜಿಸ್ಟರು ಮುಚ್ಚಿದ. "ಹೋಗಿ, ನಿಮ್ಮನೆಯೋರ್ನ ಕರ್ಕೊಂಡ್ ಬನ್ನಿ. ಅವ್ರು ಬಂದು ಇನ್ನೊಂದ್ಸಲ ಹೇಳ್ದೇ ಇದ್ರೆ, ಎತ್ಕೊಂಡೋಗಿ."