ಮೀಸೆಯವನಿಗೊಂದು ಗಾಳ

ನಿವೃತ್ತಿ ಎಂದರೆ ಗಂಡಸರಿಗೆ ಸಿಗುವ ವಿಶ್ರಾಂತಿ ಎಂದು ಹೇಳಿದವರು ಯಾರೋ ಗೊತ್ತಿಲ್ಲ. ಒಂದೋ ಅವರಿಗೆ ಮದುವೆಯಾಗಿರಲಿಲ್ಲ, ಇಲ್ಲವೇ ಅವರೇ ಆ ಗಂಡಸರು. ನಮ್ಮ ಯಜಮಾನರು ನಿವೃತ್ತರಾದ ದಿನ ಕಚೇರಿಯವರೆಲ್ಲ ಸೇರಿ ಭಾಷಣ ಮಾಡಿ, ಗಡಿಯಾರವೊಂದನ್ನು ಕೊಟ್ಟು, ಕಾರಿನಲ್ಲಿ ಕೂರಿಸಿಕೊಂಡು ಬಂದು ಮನೆಬಾಗಿಲಲ್ಲಿ ಇಳಿಸಿ ಹೋದರು. ಹೋಗುವಾಗ ಅವರ ಮುಖಗಳಲ್ಲಿದ್ದ ಆನಂದ ನೋಡಿಯಾದರೂ ನಾನು ಎಚ್ಚೆತ್ತುಕೊಳ್ಳಬೇಕಿತ್ತು.

ನಮ್ಮವರು ತೂಕ ಮತ್ತು ಅಳತೆ ಇಲಾಖೆಯ ಇನ್ಸ್‌ಪೆಕ್ಟರು. ಗುಲಗಂಜಿಯಷ್ಟು ಕಡಿಮೆ ತೂಗಿದ ಅಂಗಡಿಯವನನ್ನೂ ಬಿಟ್ಟವರಲ್ಲ. ಪೇಟೆಯಲ್ಲಿ ಇವರ ಮೀಸೆ ಕಂಡರೆ ತಕ್ಕಡಿಗಳು ತಾವಾಗಿಯೇ ನೆಟ್ಟಗಾಗುತ್ತಿದ್ದವಂತೆ (ಹೇಳಿದವರು ಇವರೇ). ಅಂಥ ಮಹಾಪುರುಷರ ಅಧಿಕಾರ ವ್ಯಾಪ್ತಿಯಲ್ಲಿ ಈಗ ಉಳಿದದ್ದು ನನ್ನ ಅಡುಗೆಮನೆ ಒಂದೇ.

“ಇವಳೇ, ಈ ಚಮಚ ಚಮಚವೇ ಅಲ್ಲ.”

“ಮತ್ತೇನು, ಸೌಟಾ?”

“ಟೀ ಚಮಚ ಅಂದ್ರೆ ಐದು ಮಿಲಿ ಹಿಡೀಬೇಕು. ಇದು ನಾಲ್ಕೂವರೆ. ಇಷ್ಟು ವರ್ಷ ನನಗೆ ಸಕ್ಕರೆ ಕಡಿಮೆ ಹಾಕಿದ್ದೀಯ ನೀನು.”

“ಇಷ್ಟು ವರ್ಷ ಕುಡಿದ್ರಲ್ಲ, ಆಗ ನಾಲಿಗೇನ ಎಲ್ಲಿ ಅಡ ಇಟ್ಟಿದ್ರಿ?”

ಮೊಸರಲ್ಲಿ ಕಲ್ಲು ಹುಡುಕುವವರನ್ನು ನಾನು ಕಂಡಿದ್ದೇನೆ. ಇವರು ಕಲ್ಲು ಸಿಗದಿದ್ದರೆ ಮೊಸರನ್ನೇ ತೂಗುವ ಜಾತಿ. ನಾನು ಒಲೆಯ ಮುಂದೆ ನಿಂತರೆ ಇವರು ನನ್ನ ಭುಜದ ಹಿಂದೆ. “ಉಪ್ಪು ಕೈಯಲ್ಲಿ ಹಾಕ್ತೀಯಾ? ಕೈ ಏನು ಅಳತೆನಾ?” “ಬಾಣಲೆ ಎಡಕ್ಕೆ ವಾಲಿದೆ.” “ಮುಚ್ಚಳ ಯಾಕೆ ಮುಚ್ಚಿದೆ?” ಬಾಣಲೆಯ ಬಾಯಿಯಾದರೂ ಮುಚ್ಚಿರಲಿ ಎಂದು, ಇನ್ನೇನು! ಮೊದಲು ಇವರು ಕಚೇರಿಗೆ ಹೊರಟರೆಂದರೆ ಸಂಜೆಯವರೆಗೆ ಆ ಮನೆ ನನ್ನದು. ರೇಡಿಯೋ ಹಚ್ಚಿ, ಎದುರು ಕುರ್ಚಿಯ ಮೇಲೆ ಕಾಲು ಚಾಚಿ, ಒಂದು ಲೋಟ ಚಹಾವನ್ನು ಗಂಟೆಗಟ್ಟಲೆ ಕುಡಿಯುತ್ತಿದ್ದೆ. ನನಗೆ ಬೇಕಾಗಿದ್ದದ್ದು ಬಂಗಾರವಲ್ಲ, ಬಂಗಲೆಯಲ್ಲ. ಆ ಹೊತ್ತು, ಅಷ್ಟೇ.

ಒಂದು ದಿನ ಬಟ್ಟೆ ಒಣಹಾಕುತ್ತಾ ಬಾಲ್ಕನಿಯಿಂದ ಕೆರೆಯ ಕಡೆ ನೋಡಿದೆ. ದಡದ ಮೇಲೆ ಸಾಲಾಗಿ ಗಂಡಸರು ಕೂತಿದ್ದರು. ಮಾತಿಲ್ಲ, ಕತೆಯಿಲ್ಲ, ಒಬ್ಬರಿಗೂ ಚಹಾ ಬೇಡ. ನಾನು ಮಧ್ಯಾಹ್ನ ಬಟ್ಟೆ ತೆಗೆಯಲು ಬಂದಾಗಲೂ ಅವರೆಲ್ಲ ಅಲ್ಲೇ, ಹಾಗೇ. ಗಂಡಸನ್ನು ಇಡೀ ದಿನ ಸದ್ದಿಲ್ಲದೆ ಒಂದೇ ಕಡೆ ಕೂರಿಸುವ ಯಂತ್ರ ನಮ್ಮ ಮನೆಯೆದುರೇ ಇದ್ದೂ ನಾನು ಇಷ್ಟು ದಿನ ಕುರುಡಿಯಾಗಿದ್ದೆನಲ್ಲ! ತೊಡಕೊಂದೇ: ಮೀನು ಸಿಕ್ಕಿಬಿಟ್ಟರೆ ಇವರು ಅದನ್ನು ಎತ್ತಿಕೊಂಡು ಬೇಗ ಮನೆಗೆ ಬರುತ್ತಾರೆ, ಕ್ಲೀನು ಮಾಡುವ ಕೆಲಸ ನನ್ನ ತಲೆಗೆ. ಆದ್ದರಿಂದ ಗಾಳ ಇರಬೇಕು, ಮೀನು ಸಿಗಬಾರದು.

“ಮನುಷ್ಯನಿಗೆ ಒಂದು ಹವ್ಯಾಸ ಅಂತ ಬೇಕು ರೀ,” ಎಂದೆ ರಾತ್ರಿ ಊಟಕ್ಕೆ ಬಡಿಸುತ್ತಾ. ನನ್ನ ದನಿಯಲ್ಲಿ ಎಷ್ಟು ಜೇನಿತ್ತೆಂದರೆ ಇವರು ತಟ್ಟೆಯಿಂದ ತಲೆ ಎತ್ತಿ ನೋಡಿದರು.

ಗಾಳದ ಸಾಮಾನಿನ ಅಂಗಡಿಗೆ ನಾನೇ ಹೋದೆ. ಇವರನ್ನು ಕಳಿಸಿದರೆ ದಾರದ ಅಳತೆ ಸರಿಯಿಲ್ಲವೆಂದು ಕೇಸು ಹಾಕಿ ಬರುತ್ತಾರೆ. ಒಳಗೆ ಕಾಲಿಟ್ಟರೆ ಗಂಡಸರ ಪೆದ್ದುತನಕ್ಕೆ ಎಷ್ಟು ಬಣ್ಣವಿದೆ ಎನ್ನುವುದು ತಿಳಿಯಿತು. ಹುಳುವಿನಂಥ ರಬ್ಬರು, ಕಪ್ಪೆಯಂಥ ರಬ್ಬರು, ಮಿರಮಿರ ಮಿಂಚುವ ತಗಡಿನ ಮೀನು. (ಹೆಂಡತಿ ಒಂದು ಜೊತೆ ಓಲೆ ಕೇಳಿದರೆ “ಈ ವಯಸ್ಸಲ್ಲಿ ಯಾಕೆ ಮಿಂಚು?” ಎನ್ನುವವರೇ ಮೀನಿಗೆ ಇದನ್ನೆಲ್ಲ ಕೊಳ್ಳುವುದು!) ಗಲ್ಲಾದ ಹಿಂದೆ ಬೋಳುತಲೆಯ, ನಿಧಾನದ ಅಂಗಡಿಯವ.

“ಯಾವ ಮೀನಿಗೆ ಬೇಕಮ್ಮಾ?”

“ಯಾವ ಮೀನಾದ್ರೂ ಆಗ್ಲಿ. ಬೆಳಗ್ಗೆ ಹೋದ ಮನುಷ್ಯ ಸಂಜೆವರೆಗೂ ಮನೆಗೆ ಬರಬಾರದು. ಅಂಥದ್ದು ಕೊಡಿ.”

ಅವನು ನಕ್ಕು, ಬಳುಕುವ ತೆಳ್ಳನೆಯ ಕೋಲು ತೆಗೆದ. ಕೂದಲೆಳೆಯಂಥ ದಾರ, ಸೊಳ್ಳೆಯಷ್ಟು ಕೊಕ್ಕೆ, ನೀರ ಮೇಲೆ ತೇಲಲು ಕೆಂಪು ಬೆಂಡು, ಎರೆಯಾಗಿ ವೆನಿಲ್ಲಾ ಘಮಘಮಿಸುವ ಹಿಟ್ಟಿನ ಉಂಡೆ. “ಹೊಸಬರಿಗೆ ಇದೇ ಒಳ್ಳೇದು. ಸಣ್ಣಮೀನು ಪಟಪಟ ಬೀಳುತ್ತೆ.”

ಪಟಪಟ ಬೀಳುತ್ತಂತೆ! ನಾನು ಅದನ್ನೆಲ್ಲ ಪಕ್ಕಕ್ಕೆ ಸರಿಸಿ ಅಂಗಡಿಯ ಮೂಲೆಗೆ ನಡೆದೆ. ಅಲ್ಲಿ ಧೂಳು ತಿನ್ನುತ್ತಾ ಒಂದು ಕೋಲು ನಿಂತಿತ್ತು, ಬಾಗಿಲಿಗೆ ಅಗುಳಿಯಾಗಿ ಹಾಕಬಹುದಾದಷ್ಟು ದಪ್ಪ. “ಇದು.” ಬಟ್ಟೆ ಒಣಹಾಕಬಹುದಾದಂಥ ದಾರ. ಅದನ್ನು ಕಂಡೇ ಮೀನು ಓಡಿಹೋಗಬೇಕು. “ಇದು.” ಕೋಟು ನೇತುಹಾಕುವಷ್ಟು ದೊಡ್ಡ ಕೊಕ್ಕೆ. “ಇದು.” ಬೆಂಡು ಬೇಡ, ಸೀಸದ ಗುಂಡು ಬೇಕು, ಇರುವುದರಲ್ಲೇ ಭಾರದ್ದು. ಮರ್ಯಾದಸ್ಥ ಮೀನುಗಳು ತಿಳಿನೀರಿನಲ್ಲಿ ಓಡಾಡಿಕೊಂಡಿರಲಿ, ಇವರ ಗಾಳ ಕೆಸರಿನಲ್ಲಿ ಹೂತುಕೊಂಡಿರಲಿ ಎನ್ನುವುದು ನನ್ನ ಲೆಕ್ಕ.

ಕೊನೆಗೆ ಎರೆ. ಮೇಜಿನ ಕೆಳಗೆ ಮುಚ್ಚಳಕ್ಕೆ ಹಗ್ಗ ಬಿಗಿದ ಡಬ್ಬವೊಂದಿತ್ತು. ಮುಚ್ಚಿದ್ದರೂ ಅದರ ಕೀರ್ತಿ ಅಂಗಡಿ ತುಂಬ ಹಬ್ಬಿತ್ತು.

“ಅದರಲ್ಲೇನು?”

“ಅಯ್ಯೋ, ಅದು ಬೇಡಮ್ಮಾ. ಕೋಳಿ ಲಿವರು, ಹಳೇ ಚೀಸು, ಬೆಳ್ಳುಳ್ಳಿ. ಬಿಸಿಲಲ್ಲಿ ಕೊಳೆಸಿದ್ದು.”

ಹಸಿದು ಸತ್ತರೂ ಯಾವ ಪ್ರಾಣಿ ಇದನ್ನು ಮೂಸುತ್ತದೆ? “ಅದನ್ನೇ ಕೊಡಿ,” ಎಂದೆ, ಮೂಗಿಗೆ ಸೆರಗು ಹಿಡಿದು.

ಅಂಗಡಿಯವ ನಾನು ಆರಿಸಿದ್ದನ್ನೆಲ್ಲ ಒಂದು ಸಲ ನೋಡಿದ, ನನ್ನನ್ನು ಒಂದು ಸಲ ನೋಡಿದ. ಅವನ ಮುಖಕ್ಕೆ ಎಲ್ಲಿಲ್ಲದ ಗೌರವ ಬಂತು. “ಮೀಸೆಯವನಿಗೆ ಅಂತ ಮೊದಲೇ ಹೇಳಬಾರದಾ ಅಮ್ಮಾ? ನಿಮಗೆ ಹೇಳಿಕೊಡೋಕೆ ಬಂದೆನಲ್ಲ ನಾನು!”

ನಮ್ಮವರಿಗೆ ಮೀಸೆಯಿರುವುದು ಇವನಿಗೂ ಗೊತ್ತೇ ಎಂದುಕೊಂಡು ತಲೆಯಾಡಿಸಿ ಬಂದೆ.

ಮರುದಿನ ಬೆಳಗ್ಗೆ ಇವರನ್ನು ಸಾಮಾನು ಸಮೇತ ಕೆರೆಗೆ ಅಟ್ಟಿ, ರೇಡಿಯೋ ಹಚ್ಚಿ, ಕುರ್ಚಿಯ ಮೇಲೆ ಕಾಲು ಚಾಚಿದೆ. ಲೋಟದ ಚಹಾ ಅರ್ಧವಾಗಿರಲಿಲ್ಲ, ಕರೆಗಂಟೆ ಹೊಡೆದುಕೊಂಡಿತು. ಹೋದೆಯಾ ಪಿಶಾಚಿ ಎಂದರೆ ಬಂದೆ ಗವಾಕ್ಷಿಯಲ್ಲಿ! ಬಾಗಿಲು ತೆಗೆದರೆ ಎದುರಿಗೆ ಎರಡು ಮೀಸೆ. ಒಂದು ಇವರದು. ಇನ್ನೊಂದು ಇವರ ತೋಳಿನುದ್ದದ ಮೀನಿನದು.

“ಕ್ಯಾಟ್‌ಫಿಶ್ಶು ಕಣೇ! ಗಾಳ ಹಾಕಿ ಇನ್ನೂ ಸರಿಯಾಗಿ ಕೂತಿರಲಿಲ್ಲ. ದಡದಲ್ಲಿದ್ದೋರೆಲ್ಲ ಬಾಯಿಬಿಟ್ಟರು. ಸಾಮಾನು ಆರಿಸಿದ್ದು ಯಾರು ಅಂತ ಕೇಳಿದ್ರು. ನಮ್ಮ ಮನೆಯವಳು ಅಂದೆ!”

ಪೊರೆಯಿಲ್ಲದ, ಲೋಳೆಲೋಳೆ ಮೈಯ ಆ ಪ್ರಾಣಿಯನ್ನು ನಾನು ಹಿಡಿದರೆ ಅದು ಸಿಂಕಿನಿಂದ ನೆಲಕ್ಕೆ, ನೆಲದಿಂದ ಒಲೆಯ ಕೆಳಕ್ಕೆ. ಕಿವಿರಿನ ಪಕ್ಕದ ಮುಳ್ಳು ಅಂಗೈಗೆ ಚುಚ್ಚಿತು. ಇವರು ಭುಜದ ಹಿಂದೆ ನಿಂತು, ತಲೆ ಎಷ್ಟು, ಬಾಲ ಎಷ್ಟು, ನಾನು ಹಾಳು ಮಾಡಿದ ಮಾಂಸ ಎಷ್ಟು ಎಂದು ತೂಗಿದರು. ಮರುದಿನ ಮತ್ತೊಂದು ಮೀಸೆ. ಅದರ ಮರುದಿನ ಎರಡು. ಬೆಕ್ಕು ಕೂಡ ನಮ್ಮ ಮನೆಯ ಕಡೆ ಬರುವುದನ್ನು ನಿಲ್ಲಿಸಿತು, ಪಾಪ, ಅಜೀರ್ಣ.

ನಾನು ಅಂಗಡಿಗೆ ಓಡಿದೆ. “ಏನ್ರೀ ಇದು! ಆ ಕೊಳಕನ್ನ ತಿನ್ನೋ ಮೀನೂ ಉಂಟಾ?”

“ಅದಕ್ಕೆ ಅಂತಾನೇ ಅಲ್ವಾ ನೀವು ಆರಿಸಿದ್ದು?” ಅವನಿಗೆ ಆಶ್ಚರ್ಯ. “ಅದು ಕೆಸರಲ್ಲೇ ಮಲಗಿರುತ್ತೆ. ಕಣ್ಣು ಮಂದ, ದಾರ ಕಾಣಲ್ಲ. ಮೈಯೆಲ್ಲ ನಾಲಿಗೆ. ನಾತ ಜಾಸ್ತಿಯಾದಷ್ಟೂ ಬೇಗ ಬರುತ್ತೆ. ಭಾರೀ ಮೀನು, ದಪ್ಪ ಸಾಮಾನೇ ಬೇಕು.”

ಕತ್ತೆಗೇನು ಗೊತ್ತು ಕಸ್ತೂರಿ ಪರಿಮಳ ಎನ್ನುತ್ತಾರಲ್ಲ, ಆ ಕತ್ತೆ ನೀರಿನಲ್ಲೂ ಇದೆಯೆಂದು ನನಗೆ ಯಾರು ಹೇಳಿದ್ದರು? ಕೂಡಲೇ ಆ ಸೊಳ್ಳೆ ಕೊಕ್ಕೆಯನ್ನೂ ವೆನಿಲ್ಲಾ ಉಂಡೆಯನ್ನೂ ಕಟ್ಟಿಸಿಕೊಂಡೆ. ಭಾರದ ಗುಂಡಿಗೆ ಇಷ್ಟು ಚಿಕ್ಕ ಕೊಕ್ಕೆ ಕಟ್ಟಿದರೆ ಕೆಸರಲ್ಲಿ ಏನೂ ಬೀಳುವುದಿಲ್ಲ ಎಂದು ಅವನು ಎಚ್ಚರಿಸಿದ. ನನ್ನ ಕಿವಿಗೆ ಅದು ಸಂಗೀತ. ಇವರು ಸ್ನಾನಕ್ಕೆ ಹೋದಾಗ ಕೊಕ್ಕೆಯನ್ನೂ ಎರೆಯನ್ನೂ ಬದಲಿಸಿಟ್ಟೆ.

ಮರುದಿನ ಇವರು ಬಂದದ್ದು ಸಂಜೆಗೆ! ಕೈ ಖಾಲಿ. ನಾನು ಅಂದು ಕುಡಿದ ಚಹಾದ ರುಚಿ ಇನ್ನೂ ನಾಲಿಗೆಯಲ್ಲಿದೆ. ಚಮಚದಲ್ಲಿ ಅರ್ಧ ಮಿಲಿ ಕಡಿಮೆಯಾದದ್ದನ್ನೂ ಪತ್ತೆಹಚ್ಚಿದ ಮನುಷ್ಯನಿಗೆ ಕೊಕ್ಕೆ ಬದಲಾದದ್ದು ಕಾಣಲಿಲ್ಲವೇ ಎಂದು ನನಗೆ ಆಗಲೇ ಅನುಮಾನ ಬರಬೇಕಿತ್ತು. ಗೆದ್ದವರಿಗೆ ಅನುಮಾನ ಎಲ್ಲಿ ಬರುತ್ತದೆ?

“ಎರೆ ಸರಿಯಾಗಿರಲಿಲ್ಲ,” ಎಂದರು ಊಟದ ಹೊತ್ತಿಗೆ, ಬಹಳ ಮೃದುವಾಗಿ. “ನಾಳೆಯಿಂದ ನೀನೂ ಬಾ. ನಿನ್ನ ಕೈಗುಣ ದೊಡ್ಡದು. ಅಲ್ಲೇ ಕೂತು ಕಲಸಿಕೊಡು.”

ಹೀಗೆ ನಾನು ಕೆರೆಯ ದಡದಲ್ಲಿ ಮಡಚುವ ಸ್ಟೂಲಿನ ಮೇಲೆ, ಮಡಿಲಲ್ಲಿ ಲಿವರಿನ ಡಬ್ಬದೊಂದಿಗೆ ಪ್ರತಿಷ್ಠಾಪಿತಳಾದೆ. ರೇಡಿಯೋ ಇಲ್ಲ, ಚಹಾ ಇಲ್ಲ. ಎದುರಿಗೆ ನೋಡಲು ಇವರ ಬೆನ್ನು. ಬಾಯಿ ಇರುವ ಹೆಂಗಸು ಎಷ್ಟು ಹೊತ್ತು ಸುಮ್ಮನಿರಲು ಸಾಧ್ಯ?

“ರೀ, ಸ್ವಲ್ಪ ಎಡಕ್ಕೆ ಎಸೀರಿ.”

“ಹೂಂ.”

“ಅಷ್ಟು ಎಡಕ್ಕಲ್ಲ. ದಾರ ಯಾಕೆ ಸಡಿಲ ಬಿಟ್ರಿ? ಬೆನ್ನು ನೆಟ್ಟಗೆ ಮಾಡ್ಕೊಳ್ಳಿ. ಆ ಟೋಪಿ ಬೇರೆ, ಮೀನು ಹೆದರ್ಕೊಳ್ಳುತ್ತೆ.”

“ಅದಕ್ಕೆ ಕಣ್ಣು ಮಂದ.”

“ಕಿವಿ ಮಂದ ಅಲ್ವಲ್ಲ! ಹಾಗೆ ಕೆಮ್ಮಬೇಡಿ.”

ಪಕ್ಕದವರು ಮೊದಲ ದಿನ ಒಂದು ಮಾರು ಆಚೆ ಸರಿದರು. ಎರಡನೆಯ ದಿನ ಎದುರು ದಡಕ್ಕೆ ಹೋದರು. (ಗಂಡಸರಿಗೆ ಒಳ್ಳೆಯ ಸಲಹೆ ಎಂದರೆ ಅಲರ್ಜಿ.) ಮೀನು ಬಂತೋ ಇಲ್ಲವೋ ನಾನು ಗಮನಿಸಲಿಲ್ಲ. ಇವರು ರೀಲು ಸುತ್ತುವ ರೀತಿಯನ್ನು ತಿದ್ದುವುದರಲ್ಲೇ ನನಗೆ ಹೊತ್ತು ಹೋಗುತ್ತಿತ್ತು. ಮೂರನೆಯ ದಿನ ವಾಪಸು ಬರುವಾಗ ಇವರು, ನೀನು ನಡೆ ಎಂದು ನನ್ನನ್ನು ಕಳಿಸಿ ಪೇಟೆ ಕಡೆ ತಿರುಗಿದರು.

ಮಾರನೆಯ ಬೆಳಗ್ಗೆ ಮೇಜಿನ ಮೇಲೆ ಒಂದು ಪೆಟ್ಟಿಗೆ. ಸಾವಿರ ತುಂಡುಗಳನ್ನು ಜೋಡಿಸಿ ಮಾಡುವ ಚಿತ್ರ: ನೀಲಿ ಆಕಾಶ, ನೀಲಿ ನೀರು, ನಡುವೆ ದೋಣಿಯಲ್ಲೊಬ್ಬ ಗಂಡಸು.

“ಮನುಷ್ಯರಿಗೆ ಒಂದು ಹವ್ಯಾಸ ಅಂತ ಬೇಕು ಕಣೇ,” ಎಂದರು ಇವರು, ಗಾಳದ ಕೋಲನ್ನು ಹೆಗಲಿಗೇರಿಸುತ್ತಾ. “ಅಂಗಡಿಯವನಿಗೆ ಹೇಳ್ದೆ, ಬೆಳಗ್ಗೆ ಕೂತವಳು ಸಂಜೆವರೆಗೂ ಏಳಬಾರದು, ಅಂಥದ್ದು ಕೊಡಿ ಅಂತ.”

ನನ್ನ ಮುಖದ ಬಣ್ಣ ಹೋಯಿತು. ಆ ಬೋಳುತಲೆಯವನು ಎಲ್ಲವನ್ನೂ ಒದರಿದ್ದಾನೆ! ಆದರೂ ಬಾಗಿಲು ಮುಚ್ಚಿದ ಮೇಲೆ ಸಮಾಧಾನವಾಯಿತು. ಮನೆ ನನ್ನದಾಯಿತಲ್ಲ. ಮಕ್ಕಳಾಟಿಕೆಯ ಈ ಪೆಟ್ಟಿಗೆಯನ್ನು ಯಾರು ಮುಟ್ಟುತ್ತಾರೆ? ಚಹಾ ಮಾಡಿಕೊಂಡು, ಕಾಲು ಚಾಚಿ, ಸುಮ್ಮನೆ ನೋಡೋಣವೆಂದು ಒಂದು ಮೂಲೆಯ ತುಂಡನ್ನು ಎತ್ತಿಕೊಂಡೆ.

ಚಹಾ ತಣ್ಣಗಾಯಿತು. ಮಧ್ಯಾಹ್ನ ಊಟ ಮರೆತೆ. ಸಂಜೆ ಇವರು ಬಂದಾಗ ಒಲೆಯ ಮೇಲೆ ಪಾತ್ರೆ ಸೀದಿತ್ತು. ಇವರು ಅದನ್ನು ತೂಗಲೂ ಇಲ್ಲ. ವಾರವಿಡೀ ನಾನು ಆ ನೀಲಿಯಲ್ಲಿ ಮುಳುಗಿದ್ದೆ. ರೇಡಿಯೋ ಹಚ್ಚಿದರೆ ಲೆಕ್ಕ ತಪ್ಪುತ್ತದೆಂದು ಆರಿಸಿಟ್ಟೆ. ಕೊನೆಗೂ ಎಲ್ಲ ಮುಗಿದು, ಒಂದೇ ಒಂದು ತುಂಡು ಇಲ್ಲ: ದೋಣಿಯಲ್ಲಿ ಕೂತ ಗಂಡಸಿನ ತಲೆ. ಸೋಫಾ ಮಗುಚಿದೆ, ಕಾರ್ಪೆಟ್ಟು ಎತ್ತಿದೆ, ಕಸದ ಬುಟ್ಟಿಯನ್ನು ನೆಲಕ್ಕೆ ಸುರಿದೆ.

“ಒಂದು ತುಂಡು ಕಡಿಮೆ ರೀ! ಸಾವಿರ ಅಂತ ಬರೆದು ಮೋಸ ಮಾಡಿದ್ದಾನೆ. ನಿಮ್ಮ ಇಲಾಖೆಗೆ ಹೇಳಿ ಹಿಡಿಸಿ ಅವನನ್ನ!”

“ಹಾಗೆಲ್ಲ ಅವಸರ ಮಾಡಬಾರದು,” ಎಂದರು ಇವರು ಮೀಸೆ ನೇವರಿಸಿಕೊಳ್ಳುತ್ತಾ. “ಮೊದಲು ಮನೆಯಲ್ಲಿ ಸರಿಯಾಗಿ ಹುಡುಕು. ದಿನಾ ಸ್ವಲ್ಪ ಸ್ವಲ್ಪ ಹುಡುಕು.”

ದಿನಾ ಹುಡುಕಿದೆ. ಇಂದು ಬೆಳಗ್ಗೆ ಹುಡುಕಲು ಬೇರೆ ಜಾಗ ಉಳಿಯದೆ, ಇವರು ಬಾಲ್ಕನಿಯಲ್ಲಿ ಗಾಳ ಒರೆಸುತ್ತಿದ್ದಾಗ, ಗಾಳದ ಸಾಮಾನಿನ ಪೆಟ್ಟಿಗೆ ತೆರೆದೆ. ಕೊಕ್ಕೆಗಳ ಕೆಳಗೆ ಒಂದು ಪುಟ್ಟ ಡಬ್ಬಿ. ಅದರೊಳಗೆ ದೋಣಿಯವನ ತಲೆ. ಆಜನ್ಮ ಕಡಿಮೆ ಕೊಟ್ಟವರನ್ನೇ ಹಿಡಿದವರು, ಕಟ್ಟಿಕೊಂಡ ಹೆಂಡತಿಗೆ ಸಾವಿರಕ್ಕೆ ಒಂದು ಕಡಿಮೆ ಕೊಟ್ಟಿದ್ದರು! ನಾನು ಚಾಪೆ ಕೆಳಗೆ ತೂರಿದರೆ ಇವರು ರಂಗೋಲಿ ಕೆಳಗೇ ತೂರಿದ್ದರು. ಕೋಪದಿಂದ ತುಂಡನ್ನು ಎತ್ತಿಕೊಂಡು “ರೀ!” ಎಂದು ಕೂಗಿಯೂಬಿಟ್ಟೆ.

ತುಂಡಿನ ಜೊತೆ ಇನ್ನೇನೋ ಮೇಲೆದ್ದು ಬಂತು. ತುಂಡಿಗೆ ಒಪ್ಪವಾಗಿ ದಾರ ಸುತ್ತಿ ಕಟ್ಟಿಟ್ಟಿದ್ದರು, ಇವರ ಸ್ನಾನದ ಹೊತ್ತಲ್ಲಿ ನಾನು ಕದ್ದು ಬದಲಿಸಿಟ್ಟ ಸೊಳ್ಳೆಯಷ್ಟು ಕೊಕ್ಕೆಯನ್ನು.

“ಏನೇ, ಕರೆದೆಯಾ?” ಎಂದರು ಇವರು ಬಾಲ್ಕನಿಯಿಂದ.

ನಾನು ಎರಡನ್ನೂ ಇದ್ದ ಹಾಗೆಯೇ ಡಬ್ಬಿಯೊಳಗಿಟ್ಟು ಮುಚ್ಚಳ ಒತ್ತಿದೆ.

“ಏನಿಲ್ಲ. ಚಹಾಗೆ ಸಕ್ಕರೆ ಎಷ್ಟು ಮಿಲಿ ಹಾಕಲಿ ಅಂತ ಕೇಳಿದೆ.”